ಮರಾಠಿಯ ಕಸ, ಕನ್ನಡದ ಕಸ

ನೆಲದ ಮೇಲೆ ಒಂದು ಕಡ್ಡಿ ಬಿದ್ದಿದ್ದರೆ ನನಗೆ ಎದುರಿನವರ ಮಾತು ಕೇಳಿಸುವುದಿಲ್ಲ. ಅವರು ಮಗಳ ಮದುವೆಯ ಸುದ್ದಿ ಹೇಳುತ್ತಿರಲಿ, ಮಂಡಿನೋವಿನ ಕಥೆ ಹೇಳುತ್ತಿರಲಿ, ನನ್ನ ಕಣ್ಣು ಕಡ್ಡಿಯ ಮೇಲೆ. ಎದ್ದು ಅದನ್ನು ಹೆಕ್ಕಿ ಬುಟ್ಟಿಗೆ ಹಾಕಿ ಬಂದ ಮೇಲೆಯೇ "ಹಾಂ, ಏನಂದಿರಿ?" ಎಂದು ಕೇಳುತ್ತೇನೆ. ಇದು ಹುಟ್ಟುಗುಣವಲ್ಲ, ಕಲಿಸಿದ ಗುಣ. ನಾನು ಊರಲ್ಲಿ ನರ್ಸಿಂಗ್ ಕಲಿಯುತ್ತಿದ್ದಾಗ ನಮ್ಮ ಮೇಟ್ರನ್ ಬೆಳಗ್ಗೆ ವಾರ್ಡಿಗೆ ಬಂದರೆ ಮೊದಲು ರೋಗಿಯನ್ನು ನೋಡುತ್ತಿರಲಿಲ್ಲ, ಮಂಚದ ಕೆಳಗೆ ನೋಡುತ್ತಿದ್ದರು. ಅಲ್ಲಿ ಹತ್ತಿಯ ಎಳೆಯೊಂದು ಕಂಡರೂ ಆ ದಿನ ನಮ್ಮ ಊಟ ರುಚಿಸುತ್ತಿರಲಿಲ್ಲ. ಆಮೇಲೆ ನಾಸಿಕದ ಆಸ್ಪತ್ರೆಯಲ್ಲಿ ನಾನೇ ಹತ್ತಾರು ಹುಡುಗಿಯರಿಗೆ ಮೇಲಿನವಳಾದೆ. ಮಂಚದ ಕೆಳಗೆ ನೋಡುವ ಸರದಿ ನನ್ನದಾಯಿತು.

ಹೀಗೆ ಜೀವಮಾನವೆಲ್ಲ ಕಸದ ಮೇಲೆ ಯುದ್ಧ ಮಾಡಿದವಳು ಈಗ ಕುಳಿತು ಕಸವೊಂದನ್ನು ನೆನೆದು ಮರುಗುತ್ತಿದ್ದೇನೆ ಎಂದರೆ ನೀವು ನಗಬಹುದು. ನಗಿ. ನಗುವಂಥದ್ದೇ. ಆದರೆ ಕಥೆ ಕೇಳಿದ ಮೇಲೆ ನಗಿ.

ನನ್ನ ಅಣ್ಣ ವಾಸುದೇವ, ನಮಗೆಲ್ಲ ವಾಸಣ್ಣ, ಉಡುಪಿಯ ಕಡೆಯಿಂದ ಹೊರಟು ಔರಂಗಾಬಾದಿನಲ್ಲಿ ಸಸ್ಯಾಹಾರಿ ಹೋಟೆಲ್ ಇಟ್ಟವನು. ವೇರೂಳಿನ, ಅಂದರೆ ಎಲ್ಲೋರಾದ, ಗುಹೆ ನೋಡಿ ಹಸಿದು ಬಂದವರು ಅವನ ಹೋಟೆಲಿಗೆ ಬಂದು, ದೇವರನ್ನು ಕಂಡಷ್ಟೇ ಭಕ್ತಿಯಿಂದ ಮಸಾಲೆದೋಸೆಯನ್ನು ಕಾಣುತ್ತಿದ್ದರು. ಅವನಿಗೆ ಒಂದೇ ಕೊರತೆ. ಆ ಊರಿನಲ್ಲಿ ತೊಂಡೆಕಾಯಿ ಸಿಕ್ಕರೆ ಬಲಿತದ್ದು, ಹರಿವೆ ಸಿಕ್ಕರೆ ಬಾಡಿದ್ದು, ಬಸಳೆಯಂತೂ ಸಿಗುವುದೇ ಇಲ್ಲ. ಆದ್ದರಿಂದ ಊರ ಹೊರಗೆ ಚಿಕಲಠಾಣೆಯ ದಾರಿಯಲ್ಲಿ ಸಾಳೂಬಾಯಿ ಎಂಬ ಮುದುಕಿಯ ಜಮೀನನ್ನು ಗೇಣಿಗೆ ಹಿಡಿದ. ಬಾವಿ ಇತ್ತು, ನೀರೆತ್ತುವ ಎತ್ತಿನ ಜೋಡಿ ಇತ್ತು, ಒಂದು ಬೇವಿನ ಮರವೂ ಇತ್ತು. ಸಾಳೂಬಾಯಿಗೆ ಮಕ್ಕಳಿಲ್ಲ. ಗಂಡನ ಅಣ್ಣತಮ್ಮಂದಿರ ಮಕ್ಕಳಿದ್ದರು. ಅವರ ಕಣ್ಣೆಲ್ಲ ಪಕ್ಕದಲ್ಲಿ ಏಳುತ್ತಿದ್ದ ಕಾರ್ಖಾನೆಗಳ ಮೇಲೆ. ಜಮೀನನ್ನು ಕಾರ್ಖಾನೆಯವರಿಗೆ ಕೊಟ್ಟುಬಿಡು ಎಂದು ಅವರು, ಮಣ್ಣು ಜೀವಂತ ಇರುವಾಗ ಅದರ ಮೇಲೆ ಇಟ್ಟಿಗೆ ಇಡುವುದಿಲ್ಲ ಎಂದು ಈಕೆ.

ಒಪ್ಪಂದ ಬಾವಿಕಟ್ಟೆಯ ಮೇಲೆ ಬಾಯಿಮಾತಿನಲ್ಲೇ ಆಯಿತು. ಸಾಳೂಬಾಯಿ ಹಾಕಿದ ಷರತ್ತು ಒಂದೇ: "ಜಮಿನೀತ್ ಕಸ್ ಪಾಹಿಜೆ, ಶೇಟಜೀ. ಕಸ್ ಆಹೇ ತೋವರ್ ಜಮೀನ್ ತುಮಚೀ."

ವಾಸಣ್ಣನಿಗೆ ಆಗ ಮರಾಠಿ ಗಲ್ಲೆಪೆಟ್ಟಿಗೆಯವರೆಗಷ್ಟೇ ಬರುತ್ತಿತ್ತು. ಜಮೀನು ಗೊತ್ತು. ಪಾಹಿಜೆ ಎಂದರೆ ಬೇಕು. ದಿನವಿಡೀ ಗಿರಾಕಿಗಳು ಚಹಾ ಪಾಹಿಜೆ, ವಡೆ ಪಾಹಿಜೆ ಎನ್ನುತ್ತಾರೆ. ಇನ್ನು ಕಸ್ ಎಂಬುದನ್ನು ಅವನು ಯಾರಿಂದಲೂ ಕಲಿಯಬೇಕಾಗಿರಲಿಲ್ಲ, ಅಮ್ಮ ಹಿಡಿಸೂಡಿ ತೋರಿಸಿ ಕಲಿಸಿದ್ದಳು. ಮುದುಕಿ ಹೇಳಿದ್ದು ಇಷ್ಟು ಎಂದುಕೊಂಡ: ಜಮೀನಿನಲ್ಲಿ ಕಸ ಬೇಕು, ಕಸ ಇರುವ ತನಕ ಜಮೀನು ನಿಮ್ಮದು. ವಿಚಿತ್ರ ಷರತ್ತು. ಆದರೆ ಜಮೀನಿನ ಒಡತಿ ಕೇಳಿದ ಮೇಲೆ ಕೊಡಬೇಕಲ್ಲ! ಮರುದಿನದಿಂದಲೇ ಹೋಟೆಲಿನ ಕಸವನ್ನೆಲ್ಲ ಗಾಡಿಗೆ ತುಂಬಿ ಜಮೀನಿಗೆ ಸಾಗಿಸತೊಡಗಿದ. ಉಂಡು ಬಿಟ್ಟ ಮುತ್ತುಗದ ಪತ್ರಾವಳಿ, ತರಕಾರಿ ಸಿಪ್ಪೆ, ಕಾಫಿಯ ಗಸಿ, ತೆಂಗಿನ ನಾರು, ಒಲೆಯ ಬೂದಿ. ಗಾಡಿ ಬಂದದ್ದನ್ನು ಕಂಡು ಸಾಳೂಬಾಯಿ ಸಂತೋಷದಿಂದ ತಲೆಯಾಡಿಸಿದಳಂತೆ. ಹೋಟೆಲಿನವನಾದರೂ ಜಾಣ ರೈತ ಎಂದುಕೊಂಡಿರಬೇಕು. ಇವನು ಅವಳನ್ನು ಸ್ವಲ್ಪ ತಲೆಕೆಟ್ಟ ಮುದುಕಿ ಎಂದುಕೊಂಡ. ಇಬ್ಬರೂ ಹೀಗೆ ಪರಸ್ಪರ ತಪ್ಪು ತಿಳಿದುಕೊಂಡು ಬಹಳ ವರ್ಷ ಸುಖವಾಗಿದ್ದರು. ಗಂಡಹೆಂಡಿರಲ್ಲೂ ಇಷ್ಟು ಹೊಂದಾಣಿಕೆ ನಾನು ಕಂಡಿಲ್ಲ.

ರಜೆಯಲ್ಲಿ ನಾನು ನಾಸಿಕದಿಂದ ಎಸ್.ಟಿ. ಬಸ್ಸು ಹತ್ತಿ ಮೊದಲ ಸಲ ಆ ತೋಟ ನೋಡಲು ಹೋದಾಗ ಸೆರಗಿನಿಂದ ಮೂಗು ಮುಚ್ಚಿಕೊಂಡೇ ನಿಂತೆ.

"ಇದೆಂಥದು ವಾಸಣ್ಣ? ತೋಟವಾ, ತಿಪ್ಪೆಯಾ?"

"ಒಪ್ಪಂದ, ಮಾರಾಯ್ತಿ. ಅಜ್ಜಿಗೆ ಕಸ ಬೇಕಂತೆ."

"ಯಾರಾದ್ರೂ ಕಸ ಬೇಕು ಅಂತ ಕೇಳ್ತಾರಾ?"

"ನಿನ್ನ ಆಸ್ಪತ್ರೆಯಲ್ಲಿ ಕೇಳ್ಲಿಕ್ಕಿಲ್ಲ, ಸಿಸ್ಟರಮ್ಮ. ಇಲ್ಲಿ ಕೇಳ್ತಾರೆ. ಅವರವರ ಭಕ್ತಿ ಅವರವರಿಗೆ."

ಊರಿಗೆಲ್ಲ ನಾನು ಸಿಸ್ಟರ್. ನಿಜವಾಗಿ ಸಿಸ್ಟರ್ ಆಗಿದ್ದು ಇವನೊಬ್ಬನಿಗೆ, ಇವನು ಮಾತ್ರ ಅದನ್ನು ಹಾಸ್ಯಕ್ಕೆ ಬಳಸುತ್ತಿದ್ದ. ನನಗಾದರೂ ಆ ಪದದ ಅರ್ಥ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ನನ್ನದು ವಾರ್ಡಿನ ಮರಾಠಿ. ಎಲ್ಲಿ ನೋಯುತ್ತದೆ, ನಾಲಿಗೆ ತೋರಿಸಿ, ಮಾತ್ರೆ ನುಂಗಿ. ವಾರ್ಡಿನಲ್ಲಿ ಯಾರೂ ಜಮೀನಿನ ವಿಷಯಕ್ಕೆ ನರಳುವುದಿಲ್ಲ. ಹಾಗಾಗಿ ಮುದುಕಿಯ ಷರತ್ತನ್ನು ನಾನೂ ನಂಬಿದೆ. ಕಸ ಇರಬೇಕಾದರೆ ಇರಲಿ, ಆದರೆ ಹೀಗೆ ಚೆಲ್ಲಾಪಿಲ್ಲಿಯಾಗಿ ಇರಕೂಡದು ಎಂದು ಮಾತ್ರ ಹಟ ಹಿಡಿದೆ. ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತೆ.

ರೋಗಿಯ ಹಾಸಿಗೆಯನ್ನು ಹಾಸುವುದಕ್ಕೆ ಒಂದು ಕ್ರಮವಿದೆ. ಕೆಳಗೊಂದು ಚಾದರ, ಅದರ ಮೇಲೆ ರಬ್ಬರ್ ಹಾಳೆ, ಮೇಲೊಂದು ಅಡ್ಡ ಚಾದರ, ಮೂಲೆಗಳನ್ನು ಮಡಚಿ ಸಿಕ್ಕಿಸಬೇಕು. ನಾನು ಕಸಕ್ಕೂ ಹಾಸಿಗೆ ಹಾಸಿದೆ. ಕೆಳಗೆ ಒಣ ಎಲೆ, ಮೇಲೆ ಹಸಿ ಸಿಪ್ಪೆ, ಆಮೇಲೆ ಸಗಣಿ ನೀರು, ತೆಳ್ಳಗೆ ಮಣ್ಣು, ಚಿಮುಕಿಸಿದಂತೆ ಬೂದಿ. ಮತ್ತೆ ಮೊದಲಿನಿಂದ. ಬದಿಗಳನ್ನು ಸಲಿಕೆಯಿಂದ ತಟ್ಟಿ ನೇರ ಮಾಡಿದೆ. ವಾರಕ್ಕೊಮ್ಮೆ ರೋಗಿಯನ್ನು ಮಗ್ಗುಲು ಬದಲಾಯಿಸುವಂತೆ ರಾಶಿಯನ್ನು ಮಗುಚಬೇಕೆಂದು ಕಟ್ಟುನಿಟ್ಟು ಮಾಡಿದೆ. ಕೈ ಒಳಗೆ ತೂರಿಸಿದರೆ ಬಿಸಿ ಹತ್ತುತ್ತಿತ್ತು. ಜ್ವರ ಏರಿದ್ದನ್ನು ಕಂಡು ಹಿಗ್ಗಿದ್ದು ನನ್ನ ವೃತ್ತಿಜೀವನದಲ್ಲಿ ಅದೊಂದೇ ಸಲ. ಮುಂದಿನ ರಜೆಗೆ ಬಂದಾಗ ಆ ರಾಶಿ ಕಪ್ಪಗೆ, ಸಡಿಲವಾಗಿ, ಮೊದಲ ಮಳೆ ಬಿದ್ದ ಅಂಗಳದ ವಾಸನೆಯ ಪುಡಿಯಾಗಿತ್ತು. ನಾನು ಮೂಗಿನಿಂದ ಸೆರಗು ತೆಗೆದೆ.

ಆಮೇಲಿನ ವರ್ಷಗಳು ಆ ಜಮೀನಿನ ಸುಭಿಕ್ಷದ ವರ್ಷಗಳು. ಹೋಟೆಲಿನ ಸಿಪ್ಪೆ ಜಮೀನಿಗೆ ಹೋಗುತ್ತಿತ್ತು, ಜಮೀನಿನ ಕಾಯಿ ಹೋಟೆಲಿಗೆ ಬರುತ್ತಿತ್ತು. "ನಿನ್ನೆಯ ಹುಳಿಯೇ ನಾಳಿನ ಬದನೆ" ಎಂದು ವಾಸಣ್ಣ ಗಿರಾಕಿಗಳಿಗೆ ಹೇಳಿ ಅವರ ಹಸಿವು ಕೆಡಿಸುತ್ತಿದ್ದ. ಬದನೆಗೆ ಹೇನು ಬಿದ್ದರೆ ಒಲೆಯ ಬೂದಿ. ಬೆಂಡೆಗೆ ಹುಳ ಬಂದರೆ ಬೇವಿನ ಬೀಜ ಜಜ್ಜಿದ ನೀರು. ಸಾಲಿನ ಅಂಚಿಗೆ ಚೆಂಡುಹೂವು, ಅದಕ್ಕೆ ಜೇನುನೊಣ. ಸಾಲುಗಳ ನಡುವೆ ಒಣ ಎಲೆ ಹೊದಿಸಿದ್ದರಿಂದ ಆ ಕಡೆಯ ಬಿಸಿಲಿಗೂ ನೆಲ ಒದ್ದೆಯಾಗಿರುತ್ತಿತ್ತು. ಬಾವಿಯ ಎತ್ತುಗಳಿಗೆ ಎಷ್ಟು ಬಿಡುವೆಂದರೆ ಬೇವಿನ ನೆರಳಲ್ಲಿ ನಿಂತು ನಿವೃತ್ತ ಅಧಿಕಾರಿಗಳಂತೆ ಮೆಲುಕು ಹಾಕುತ್ತಿದ್ದವು. ತೊಂಡೆಯ ಚಪ್ಪರದ ಕೆಳಗೆ ನಿಂತರೆ ನಮಗೆ ಊರು ನೆನಪಾಗುತ್ತಿರಲಿಲ್ಲ. ಊರೇ ಅಲ್ಲಿಗೆ ಬಂದಂತಿತ್ತು. ಕಾರ್ಖಾನೆಯ ಗೋಡೆ ಹತ್ತಿರ ಹತ್ತಿರ ಬಂದರೂ ಸಾಳೂಬಾಯಿ ಒಂದು ಹಿಡಿ ಮಣ್ಣು ತೆಗೆದು ಗಂಡನ ಕಡೆಯವರಿಗೆ ತೋರಿಸುತ್ತಿದ್ದಳಂತೆ. ಅವರು ಸುಮ್ಮನೆ ಹಿಂದೆ ಹೋಗುತ್ತಿದ್ದರು.

ಇಷ್ಟಕ್ಕೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ವಾಸಣ್ಣನಿಗೆ ಒಬ್ಬ ಮಗಳಿದ್ದಳು, ಆ ಮಗಳಿಗೆ ಮರಾಠಿ ಬರುತ್ತಿತ್ತು.

ಶಾಲಿನಿ ಔರಂಗಾಬಾದಿನಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಆಡಿದರೆ ಅರ್ಧ ಮರಾಠಿ. ಆಗ ಕಾಲೇಜಿಗೆ ಹೋಗುತ್ತಿದ್ದಳು. ಒಂದು ಸಂತೆಯ ದಿನ ಸಾಳೂಬಾಯಿ ಹೋಟೆಲಿನ ಹಿಂದಿನ ಮನೆಗೆ ಬಂದು ಚಹಾ ಕುಡಿಯುತ್ತ, "ಜಮಿನೀಲಾ ಕಾಯ್ ಕಸ್ ಆಲಾ ಹೋ!", ಜಮೀನಿಗೆ ಎಂಥ ಕಸ್ ಬಂದಿದೆ, ಎಂದು ವಾಸಣ್ಣನನ್ನು ಹೊಗಳಿದಳು. ನಾನೂ ಅಲ್ಲಿದ್ದೆ. ವಾಸಣ್ಣ ವಿನಯದಿಂದ ಕೈ ಮುಗಿದು, "ರೋಜ್ ಗಾಡೀ ಭರೂನ್ ಟಾಕತೋ, ಆಜೀ" ಎಂದ. ದಿನಾ ಗಾಡಿ ತುಂಬಿ ಸುರಿಯುತ್ತೇನೆ ಅಜ್ಜಿ, ಎಂದು.

ಶಾಲಿನಿ ಬಾಯಲ್ಲಿದ್ದ ಚಹಾ ಉಗುಳಿ ನಕ್ಕಳು.

"ಅಪ್ಪಾ! ತುಮ್ಹೀ ಪಣ ನಾ! ಕಸ್ ಮ್ಹಣಜೇ ಕಚರಾ ಅಲ್ಲ ಅಪ್ಪಾ. ಕಸ್ ಅಂದ್ರೆ ತಾಕತ್. ಜಮೀನಿನ ತಾಕತ್. ಅದನ್ನ ಯಾರಾದ್ರೂ ಗಾಡಿಯಲ್ಲಿ ಸುರೀತಾರಾ?"

ನಗು ತಡೆಯಲಾರದೆ ಅವಳು ಸಾಳೂಬಾಯಿಗೂ ಮರಾಠಿಯಲ್ಲಿ ವಿವರಿಸಿದಳು. ಕನ್ನಡದಲ್ಲಿ ಕಸ ಎಂದರೇನು, ಇಷ್ಟು ವರ್ಷ ಅಪ್ಪ ಏನೆಂದುಕೊಂಡು ಏನು ಮಾಡಿದರು ಎಂಬುದನ್ನೆಲ್ಲ. ಮುದುಕಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲುಗಾಡಿ ನಕ್ಕಳು. ನಾನು ನಕ್ಕೆ. ವಾಸಣ್ಣನೂ ನಕ್ಕ. ಆದರೆ ಅವನ ಕಿವಿ ಕೆಂಪಾಗಿತ್ತು.

ಎರಡು ದಿನದಲ್ಲಿ ಸುದ್ದಿ ಹೋಟೆಲಿನ ಮೇಜಿನಿಂದ ಮೇಜಿಗೆ ಹೋಯಿತು. ಖಾಯಂ ಗಿರಾಕಿಗಳು ಅವನನ್ನು "ಕಚರಾಶೇಟ್" ಎಂದು ಕರೆಯತೊಡಗಿದರು. ಪ್ರೀತಿಯಿಂದಲೇ. ಆದರೆ ಪ್ರೀತಿಯಿಂದ ಚುಚ್ಚಿದ ಸೂಜಿಯೂ ಸೂಜಿಯೇ. ಚುಚ್ಚಿಯೇ ಸಂಬಳ ತೆಗೆದುಕೊಂಡ ನನಗೆ ಅದು ಗೊತ್ತು.

"ಇಷ್ಟು ವರ್ಷ ಆ ಅಜ್ಜಿ ಕೇಳಿದ್ದು ತಾಕತ್ತು. ನಾನು ಹಾಕಿದ್ದು ಕಚರ" ಎಂದ ನನ್ನ ಹತ್ತಿರ.

"ಆ ಕಚರದಿಂದಲೇ ತಾಕತ್ತು ಬಂತಲ್ಲ ವಾಸಣ್ಣ? ಕಣ್ಣಿಗೆ ಕಾಣ್ತಾ ಉಂಟಲ್ಲ?"

"ಅದು ಆಕಸ್ಮಿಕ, ಸುಮತಿ. ಇನ್ನಾದ್ರೂ ಅರ್ಥ ತಿಳಿದು ಮಾಡ್ಬೇಕು."

ಅರ್ಥ ತಿಳಿದು ಮಾಡಬೇಕು. ಎಷ್ಟು ಸರಿಯಾದ ಮಾತು! ನಾನೇ ನನ್ನ ಕೈಕೆಳಗಿನ ಹುಡುಗಿಯರಿಗೆ ದಿನಕ್ಕೊಮ್ಮೆ ಹೇಳುತ್ತಿದ್ದ ಮಾತು. ಅದನ್ನು ಕೇಳಿ ಯಾರಿಗೂ ಭಯವಾಗುವುದಿಲ್ಲ.

ಆ ದಿನಗಳಲ್ಲಿ ಹೋಟೆಲಿಗೆ ದಿನವೂ ಬರುತ್ತಿದ್ದ ಶರಣಪ್ಪ ಬೀದರ ಕಡೆಯ ವ್ಯಾಪಾರಿ. ಸಿಲ್ಲೋಡಿನಲ್ಲಿ ಹತ್ತಿ ಕೊಳ್ಳುತ್ತಿದ್ದ, ಹತ್ತಿಯವರಿಗೆ ಯೂರಿಯಾ ಚೀಲ ಮಾರುತ್ತಿದ್ದ. ಒಳ್ಳೆಯ ಮನುಷ್ಯ, ಕಷ್ಟಕ್ಕೆ ಆಗುವವನು. ಇವನ ಪೆಚ್ಚು ಮುಖ ನೋಡಲಾರದೆ ಸಮಾಧಾನ ಹೇಳಿದ.

"ತಾಕತ್ತ ಬೇಕಲ್ರಿ ಅಣ್ಣಾರ? ಅದು ಚೀಲದಾಗ ಬರ್ತದ್ರಿ ಈಗ. ನಿಮ್ಮ ಗಾಡಿ ಕಸ ಒಂದ, ನನ್ನ ಬೊಗಸಿ ಗೊಬ್ಬರ ಒಂದ. ನಗೋರ ಬಾಯಿ ಮುಚ್ಚಿಸ್ರಿ."

ಕೊನೆಯ ಮಾತು ವಾಸಣ್ಣನಿಗೆ ಹಿಡಿಸಿತು. ಗಾಡಿ ನಿಂತಿತು. ಹೋಟೆಲಿನ ಕಸ ಪುರಸಭೆಯ ಗಾಡಿಗೆ ಹೋಗತೊಡಗಿತು. ಮೊದಲ ವರ್ಷ ಬದನೆಗಿಡಗಳು ಎದೆಯೆತ್ತರ ಬಂದವು. ಎಲೆ ಒಂದೊಂದೂ ಅಂಗೈಗಿಂತ ದೊಡ್ಡದು, ಹಸಿರೆಂದರೆ ಕಪ್ಪು ಹಸಿರು. ಸಾಳೂಬಾಯಿ ಕೂಡ ಏನೂ ಅನ್ನಲಿಲ್ಲ. ನಾನು ಹೋದಾಗ ಕಸದ ರಾಶಿ ಇದ್ದ ಜಾಗವನ್ನು ಗುಡಿಸಿ ಚೊಕ್ಕಟ ಮಾಡಿದ್ದರು. ಮೇಟ್ರನ್ ಮೆಚ್ಚುವ ಹಾಗಿತ್ತು.

ಎರಡನೆಯ ವರ್ಷ ಆ ದೊಡ್ಡ ಮೆತ್ತನೆಯ ಎಲೆಗಳ ರುಚಿ ಹುಳಗಳಿಗೂ ಗೊತ್ತಾಯಿತು. ಬೂದಿಗೆ ಅವು ಜಗ್ಗಲಿಲ್ಲ. ಶರಣಪ್ಪ ಡಬ್ಬಿಯಲ್ಲಿ ಔಷಧಿ ತಂದುಕೊಟ್ಟ. ಔಷಧಿಗೆ ಹುಳ ಸತ್ತಿತು, ಜೇನುನೊಣವೂ ಬರುವುದು ನಿಂತಿತು. ಹೊದಿಕೆ ಇಲ್ಲದ ನೆಲ ಬಿಸಿಲಿಗೆ ಬಿರಿಯಿತು. ನೀರು ಹಾಯಿಸಿದಷ್ಟೂ ಸಾಲದು. ಎತ್ತುಗಳ ನಿವೃತ್ತಿ ಮುಗಿದು ಬೆಳಗಿನಿಂದ ಸಂಜೆಯವರೆಗೆ ದುಡಿತ, ಬಾವಿಯ ನೀರು ಮೆಟ್ಟಿಲು ಇಳಿಯುತ್ತ ಹೋಯಿತು. ವರ್ಷ ಕಳೆದಂತೆ ಹಿಂದೆ ಒಂದು ಬೊಗಸೆಯಲ್ಲಿ ಬಂದ ಬೆಳೆಗೆ ಎರಡು ಬೊಗಸೆ ಬೇಕಾಯಿತು. ನೋಡಿ, ಇದು ನಮ್ಮ ವಾರ್ಡಿನಲ್ಲೂ ಉಂಟು. ಕೆಲವರಿಗೆ ನಿದ್ದೆ ಗುಳಿಗೆ ಕೊಟ್ಟರೆ ಮೊದಲ ದಿನ ರಾಜನಂತೆ ಮಲಗುತ್ತಾರೆ. ಆಮೇಲೆ ಗುಳಿಗೆ ಹೆಚ್ಚುತ್ತದೆ, ನಿದ್ದೆ ಕಡಿಮೆಯಾಗುತ್ತದೆ.

ಈ ನಡುವೆ ನನಗೆ ಒಂದು ಯೋಚನೆ ಬರುತ್ತಿತ್ತು. ಮರಾಠಿಯ ಕಸ್ ಎಂದರೆ ಸತ್ವ. ಅಕ್ಕಸಾಲಿಗ ಚಿನ್ನವನ್ನು ಕಲ್ಲಿಗೆ ಉಜ್ಜಿ ನೋಡುವ ಒರೆಗೂ ಅವರು ಅದೇ ಮಾತು ಹೇಳುತ್ತಾರೆ. ನಮ್ಮಲ್ಲಿ ಕಸ ಎಂದರೆ ಬಿಸಾಡುವುದು. ಆದರೆ ನಮ್ಮಲ್ಲೇ ಕಸುವು ಎಂಬ ಮಾತೂ ಇದೆಯಲ್ಲ! ಅದರ ಅರ್ಥ ಶಕ್ತಿ. ಕಸಕ್ಕೂ ಕಸುವಿಗೂ ನಡುವೆ ಒಂದೇ ಅಕ್ಷರದ ಗೋಡೆ. ಪಂಡಿತರನ್ನು ಕೇಳಿದರೆ ಇವು ಬೇರೆ ಬೇರೆ ಬೇರಿನ ಪದಗಳು, ಸುಮ್ಮನೆ ಗಂಟು ಹಾಕಬೇಡಿ ಎಂದು ಗದರಿಸಬಹುದು. ಗದರಿಸಲಿ. ಅವರು ನಿಘಂಟಿನಲ್ಲಿ ಬೇರು ಹುಡುಕುತ್ತಾರೆ. ನಾನು ಮಗುಚಿದ ರಾಶಿಯಲ್ಲಿ ಕೈಯಿಟ್ಟು ಬಿಸಿ ನೋಡಿದವಳು. ಅಲ್ಲಿ ಒಂದು ಪದ ಇನ್ನೊಂದಾಗುವುದಕ್ಕೆ ಒಂದು ಮಳೆಗಾಲ ಸಾಕಾಗುತ್ತಿತ್ತು.

ಕೊನೆಯ ಸಲ ಆ ಜಮೀನಿಗೆ ಹೋದದ್ದು ಒಂದು ಬೇಸಿಗೆಯ ಬೆಳಗ್ಗೆ. ಸಾಳೂಬಾಯಿ ಹೇಳಿ ಕಳಿಸಿದ್ದಳು. ವಾಸಣ್ಣ, ನಾನು, ಶಾಲಿನಿ ಮೂವರೂ ಹೋದೆವು. ಮುದುಕಿ ಬಾಗಿಹೋಗಿದ್ದಳು. ಕೋಲು ಊರಿಕೊಂಡು ಸಾಲಿನ ನಡುವೆ ನಿಂತು, ಒಂದು ಮಣ್ಣಿನ ಹೆಂಟೆಯನ್ನು ಹಿಮ್ಮಡಿಯಿಂದ ಒತ್ತಿದಳು. ಅದು ಒಡೆಯಲಿಲ್ಲ. ಕೋಲಿನಿಂದ ಹೊಡೆದಳು. ಕಲ್ಲಿನ ಹಾಗೆ ಪಕ್ಕಕ್ಕೆ ಉರುಳಿತು.

"ಕಸ್ ಗೇಲಾ, ಶೇಟಜೀ."

ಈ ಸಲ ವಾಸಣ್ಣನಿಗೆ ಮರಾಠಿ ಸರಿಯಾಗಿ ಅರ್ಥವಾಯಿತು: ಮಣ್ಣಿನ ಸತ್ವ ಹೋಯಿತು. ಮಗಳ ಕಡೆ ತಿರುಗಿ ನೋಡಬೇಕಾಗಲಿಲ್ಲ.

"ಮತ್ತೆ ತರ್ತೇನೆ, ಆಜೀ. ಸ್ವಲ್ಪ ಸಮಯ ಕೊಡಿ. ನಾಳೆಯಿಂದಲೇ ಗಾಡಿ ಕಳಿಸ್ತೇನೆ" ಎಂದ. ಗಾಬರಿಯಲ್ಲಿ ಅರ್ಧ ಕನ್ನಡದಲ್ಲೇ ಹೇಳಿದ್ದ. ಶಾಲಿನಿ ಅದನ್ನು ಮರಾಠಿಗೆ ಮಾಡಿ ಹೇಳಿದಳು.

ಸಾಳೂಬಾಯಿಗೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನಮಗೆ ಹಗುರಾಗುತ್ತಿತ್ತು. ಅವನ ತೋಳು ಮುಟ್ಟಿ ಅವಳು ಮರಾಠಿಯಲ್ಲಿ ಹೇಳಿದ ಮಾತು ಇಷ್ಟು: "ತರುತ್ತೀ ಮಗಾ, ನೀನು ತರುತ್ತೀ. ಆದರೆ ಅದು ಹೋದಷ್ಟು ಬೇಗ ಬರುವುದಿಲ್ಲ. ಅಷ್ಟು ಸಮಯ ನನ್ನಲ್ಲಿ ಎಲ್ಲಿದೆ? ಇಷ್ಟು ದಿನ ಅವರಿಗೆ ಮಣ್ಣು ತೋರಿಸಿ ಬಾಯಿ ಮುಚ್ಚಿಸಿದೆ. ಇನ್ನು ಏನನ್ನು ತೋರಿಸಲಿ?"

ಆ ವರ್ಷ ಜಮೀನು ಕೈಬಿಟ್ಟಿತು. ಈಗ ಅಲ್ಲಿ ಬಾಟಲಿಯ ಮುಚ್ಚಳ ಮಾಡುತ್ತಾರಂತೆ. ಬೇವಿನ ಮರ ಉಳಿದಿದೆ, ಅದರ ನೆರಳಲ್ಲಿ ಸೈಕಲ್ಲುಗಳು ನಿಲ್ಲುತ್ತವೆ. ಸಾಳೂಬಾಯಿ ಗೋಡೆ ಪೂರ್ತಿ ಏಳುವ ಮೊದಲೇ ಹೋದಳು. ಹೋಟೆಲಿಗೆ ತರಕಾರಿ ಮಂಡಿಯಿಂದ ಬರುತ್ತದೆ. ಗಿರಾಕಿಗಳು ಏನೂ ವ್ಯತ್ಯಾಸ ಕಾಣಲಿಲ್ಲ. ಅದೂ ವಾಸಣ್ಣನಿಗೆ ಒಂದು ದುಃಖ.

ಯಾರನ್ನು ಬೈಯಲಿ? ಶಾಲಿನಿ ಹೇಳಿದ್ದು ನಿಜ. ಶರಣಪ್ಪ ಕೊಟ್ಟದ್ದು ಕೇಳಿದ್ದನ್ನೇ. ನಗಾಡಿದವರು ನಕ್ಕದ್ದು ನಗೆಯ ವಿಷಯಕ್ಕೇ. ವಾಸಣ್ಣ ಬಯಸಿದ್ದು ತಿಳಿದು ಮಾಡಬೇಕೆಂದು. ಎಲ್ಲರೂ ಸರಿಯಾಗಿದ್ದು ಒಂದು ಜಮೀನು ಹಾಳಾಗಬಹುದು ಎಂಬುದು ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಅಲ್ಲಿ ಪ್ರತಿ ಕಾಯಿಲೆಗೂ ಒಂದು ಕಾರಣ ಬರೆದಿರುತ್ತಿತ್ತು, ಅದನ್ನು ಬಾಯಿಪಾಠ ಮಾಡಿದರೆ ಪಾಸು. ಶಾಲಿನಿ ಮಾತ್ರ ಅಂದಿನಿಂದ ಅಪ್ಪನ ಮರಾಠಿಯನ್ನು ತಿದ್ದುವುದನ್ನು ಬಿಟ್ಟಳು. ನಾಲಿಗೆ ಎಷ್ಟು ತುರಿಸಿದರೂ.

ಮೊನ್ನೆ ನಾನು ಔರಂಗಾಬಾದಿಗೆ ಹೋದಾಗ ಭಾನುವಾರದ ಊಟದ ಹೊತ್ತು. ಆ ದಿನ ವಾಸಣ್ಣ ಗಲ್ಲೆ ಬಿಟ್ಟು ತಾನೇ ಪಾಯಸ ಬಡಿಸುತ್ತಾನೆ. ದಪ್ಪನೆಯ ಗಿರಾಕಿಯೊಬ್ಬರು ಪತ್ರಾವಳಿಯ ಮೇಲೆ ಎರಡೂ ಕೈ ಅಡ್ಡ ಹಿಡಿದು, "ಶೇಟಜೀ, ಆಗ್ರಹ ಕರೂ ನಕಾ" ಎಂದರು. ಮರಾಠಿಯಲ್ಲಿ ಆಗ್ರಹ ಎಂದರೆ ಒತ್ತಾಯ. ಸಾಕು, ಒತ್ತಾಯ ಮಾಡಬೇಡಿ ಎಂದು ಆ ಮನುಷ್ಯ ಬೇಡಿಕೊಳ್ಳುತ್ತಿದ್ದರು. ನಮ್ಮ ಕರಾವಳಿಯಲ್ಲಿ ಆಗ್ರಹ ಎಂದರೆ ಕೋಪ. ವಾಸಣ್ಣನ ಮುಖ ಸಣ್ಣದಾಯಿತು. ತಾನು ಯಾವಾಗ ಸಿಟ್ಟು ತೋರಿಸಿದೆ ಎಂದು ಪಾಪ ಅವನಿಗೆ ತಿಳಿಯಲಿಲ್ಲ. "ನಾಹೀ ನಾಹೀ ಸಾಹೇಬ್, ಆಗ್ರಹ ಅಜಿಬಾತ್ ನಾಹೀ!" ಎಂದು ಸಿಟ್ಟು ಎಳ್ಳಷ್ಟೂ ಇಲ್ಲವೆಂದು ಹೇಳಿ, ಅದಕ್ಕೆ ಸಾಕ್ಷಿಯಾಗಿ ಅವರ ಕೈಯನ್ನು ಮೆಲ್ಲಗೆ ಸರಿಸಿ ಇನ್ನೊಂದು ಸೌಟು ಪಾಯಸ ಸುರಿದ. ಗಿರಾಕಿ ನಕ್ಕುಬಿಟ್ಟರು, ಉಂಡರು. ಪಕ್ಕದವರಿಗೆ, ಇಂಥ ಉಪಚಾರ ನಾಸಿಕದಲ್ಲೂ ಕಾಣಲಿಲ್ಲ ಎಂದು ಹೇಳುತ್ತಿದ್ದರು.

ನಾನು ಶಾಲಿನಿಯ ಮುಖ ನೋಡಿದೆ. ಅವಳು ನನ್ನದು ನೋಡಿದಳು. ವರ್ಷಗಳಿಂದ ತಡೆದಿಟ್ಟದ್ದು ಬಾಯಿಗೆ ಬಂದೇಬಿಟ್ಟಿತು.

"ಅಪ್ಪಾ, ಆಗ್ರಹ ಅಂದ್ರೆ..."

ವಾಸಣ್ಣ ಸೌಟು ಎತ್ತಿ ಅವಳನ್ನು ತಡೆದ.

"ಬೇಡ ಮಗಾ. ಅದರ ಅರ್ಥ ನನಗೆ ಹೇಳ್ಬೇಡ. ಬೆಳೆ ಬರ್ತಾ ಉಂಟು" ಎಂದವನೇ ಮುಂದಿನ ಪಂಕ್ತಿಗೆ ಹೋದ.